ನಾಲ್ಕನೇ ಸೀಟು

ಫೋರ್ಟಿನ ಓಣಿಯ ಆ ಶಾಲೆಯಲ್ಲಿ
ಹಗಲು ಮಕ್ಕಳು ಕೂತೆದ್ದು ಹೋದ ಬೆಂಚುಗಳ ಮೇಲೆ
ರಾತ್ರಿ ಎಂಟಕ್ಕೆ ನಾವು.
ಮೊಣಕಾಲು ಡೆಸ್ಕಿನಡಿ ಹಿಡಿಸುತ್ತಿರಲಿಲ್ಲ.
ಅಂಗೈಗೆ ಸಾಂಬಾರಿನ ವಾಸನೆ,
ಉಗುರ ಸಂದಿಯಲ್ಲಿ ಪಾತ್ರೆ ತಿಕ್ಕಿದ ಬೂದಿ.

ತಿಂಗಳಾಯ ಮಾಸ್ತರು ಹಗಲೆಲ್ಲ
ಹಡಗಿನ ಕಂಪನಿಯಲ್ಲಿ ಬಿಲ್ಲು ಟೈಪು ಮಾಡಿ
ಬೆರಳ ನೆಟಿಗೆ ಮುರಿಯುತ್ತ ಬರುವವರು.
ಅಂದು ಬೋರ್ಡಿನ ಮೇಲೆ ಒಂದೇ ಶಬ್ದ:
ಫಾಸ್ಟ್.

ವೇಗ, ಎಂದೆವು ಎಲ್ಲರೂ.
ಅದು ಗೊತ್ತಿಲ್ಲದೆ ಏನು?
ನಮ್ಮ ಚಿಂಚ್‌ಪೋಕ್ಳಿಯಲ್ಲಿ ಅದು ನಿಲ್ಲುವುದೇ ಇಲ್ಲ,
ಆಚೆ ಹಳಿಯಲ್ಲಿ ಮುಖಕ್ಕೆ ಗಾಳಿ ಎರಚಿ ಹೋಗುತ್ತದೆ.

ಉಪವಾಸ, ಎಂದರು ಮಾಸ್ತರು.
ಅದೂ ಗೊತ್ತು ಅಂತ ಐತಪ್ಪ ಹೊಟ್ಟೆ ತಟ್ಟಿದ.
ಬಿಗಿ, ಎಂದರು. ಬಾಗಿಲಲ್ಲಿ ನೇತವನು ಕಂಬಿ ಹಿಡಿದ ಹಾಗೆ.
ಬಣ್ಣ ಬಿಡದ್ದು, ಎಂದರು.
ನಾನು ತಂಗಿಗೆ ಕಳಿಸಿದ ಸೀರೆ
ಒಂದೇ ಒಗೆತಕ್ಕೆ ಬಾವಿಕಟ್ಟೆಯನ್ನೆಲ್ಲ ಕೆಂಪು ಮಾಡಿತ್ತು.
ಅದು ಫಾಸ್ಟ್ ಅಲ್ಲ.

ಓಡುವುದೂ ಅದೇ, ಅಲುಗದಿರುವುದೂ ಅದೇ,
ಇದೆಂಥ ಭಾಷೆ ಮಾರಾಯ್ರೆ!

ಅಷ್ಟರಲ್ಲಿ ಹಿಂದಿನ ಬೆಂಚಿನಿಂದ ಗೊರಕೆ.
ದೂಮ. ಬೆಳಗಿನ ನಾಲ್ಕಕ್ಕೆ ಒಲೆ ಹಚ್ಚಿದವನು.
ಮಾಸ್ತರು ಚಾಕ್ ಎತ್ತಿದ ಕೈ ಇಳಿಸಿ
ಪಿಸುದನಿಯಲ್ಲಿ ಅಂದರು:
ಆ ನಿದ್ದೆಗೂ ಇದೇ ಶಬ್ದ. ಗಾಢ.
ಎಬ್ಬಿಸಬೇಡಿ.

ನನ್ನ ಕಾಪಿಯಲ್ಲಿ ಶಬ್ದಗಳು
ಹಬೆ ಆರದ ಇಡ್ಲಿಗಳ ಹಾಗೆ ಒಂದಕ್ಕೊಂದು ಅಂಟಿರುತ್ತಿದ್ದವು.
ಸ್ಪೇಸ್ ಬಿಡೋ,
ಕಿರುಬೆರಳಿಟ್ಟು ಆಚೆಯಿಂದ ಇನ್ನೊಂದು ಬರೆ.

ಲಾಲ್‌ಬಾಗಿನ ಖೋಲಿಯಲ್ಲಿ ನಾವು ಹದಿಮೂರು ಜನ.
ಚಾಪೆಗೂ ಚಾಪೆಗೂ ನಡುವೆ ಕಿರುಬೆರಳು ತೂರುತ್ತಿರಲಿಲ್ಲ.
ಮಿಲ್ಲಿನ ರಾತ್ರಿಪಾಳಿಗೆ ಎದ್ದು ಹೋದವನ ಬಿಸಿ ಆರುವ ಮೊದಲು
ಅಲ್ಲಿ ನನ್ನ ಬೆನ್ನು.
ಏನೂ ಇಲ್ಲದ ಜಾಗಕ್ಕೂ ಹೆಸರಿಟ್ಟುಕೊಂಡವರ ಮೇಲೆ
ಸಣ್ಣಗೆ ಹೊಟ್ಟೆಕಿಚ್ಚು.

ಇನ್ನೊಂದು ರಾತ್ರಿ ಸ್ಪೇಸಿನ ಮೊದಲಕ್ಷರ ಅಳಿಸಿದರು.
ಪೇಸ್ ಉಳಿಯಿತು. ಹೆಜ್ಜೆ; ಹೆಜ್ಜೆಯ ಬಿರುಸು.
ಒಂದು ಕೈಲಿ ಐದು ಗ್ಲಾಸು ಹಿಡಿದು
ಟೇಬಲ್ಲುಗಳ ಸಂದಿಯಲ್ಲಿ ನುಸುಳುವುದೋ ಸರ್, ಐತಪ್ಪ ಕೇಳಿದ.
ಹೌದು, ಚೆಲ್ಲದಿದ್ದರೆ.

ರೂಮ್ ಅಂದರೆ ಕೋಣೆ. ಅದು ನಮ್ಮಲ್ಲಿ ಯಾರಿಗೂ ಇರಲಿಲ್ಲ.
ಇನ್ನೂ ಒಂದು ಅರ್ಥ ಇದೆ, ಎನ್ನುವಾಗ
ಕರೆಂಟು ಹೋಯಿತು. ಮರುದಿನ ಬೇರೆ ಪಾಠ.

ಎಷ್ಟು ವರ್ಷ? ಮಿಲ್ಲಿನ ಚಿಮಣಿ ಇದ್ದಲ್ಲಿ
ನಲವತ್ತು ಮಾಳಿಗೆ ಎದ್ದಿತು, ಅಷ್ಟು.
ಮಸ್ಜಿದ್‌ನಲ್ಲಿ ಸಂಜೆಯ ಸ್ಲೋ ಹತ್ತಿದೆ.
ಮೂವರ ಬೆಂಚಿನಂಚಿಗೆ ಕೂತವರು
ತಲೆಯೆತ್ತದೆಯೇ ನಾಲ್ಕು ಬೆರಳು ಸರಿದರು.
ನಾಲ್ಕನೇ ಸೀಟು: ಅರ್ಧ ಕುಂಡೆಗೆ ಹಲಗೆ, ಅರ್ಧಕ್ಕೆ ಗಾಳಿ.
ನಾನು ಥ್ಯಾಂಕ್ಯೂ ಅಂದೆ.
ಆ ಉಚ್ಚಾರಕ್ಕೆ ಅವರು ತಿರುಗಿ ನೋಡಿದರು.

ಸ್ಟಿಲ್ ಅಲ್ಲೇ ಇದ್ದೀಯೋ?
ಕ್ಯಾಶಿಗೆ ಬಂದೆ ಸರ್. ಹೋಟೆಲು ಅದೇ.
ನಿದ್ದೆಗಣ್ಣ ದೂಮ?
ಥಾಣೆಯಲ್ಲಿ ಮೂರು ಹೋಟೆಲು ಸರ್,
ಗುಳಿಗೆ ನುಂಗಿದರೂ ಕಣ್ಣು ಮುಚ್ಚುವುದಿಲ್ಲವಂತೆ.
ಮಾಸ್ತರು ಭುಜ ಕುಣಿಸಿ ನಕ್ಕರು.

ಭಾಯಖಳಾದ ಮೊದಲು ಗಾಡಿ ನಿಂತಿತು. ಯಾಕೆಂದು ಯಾರಿಗೂ ತಿಳಿಯದು.
ಫ್ಯಾನೂ ನಿಂತಿತು.
ಕೇಳಬೇಕೆಂದುಕೊಂಡೆ, ಅವತ್ತು ಕರೆಂಟು ಹೋಯಿತಲ್ಲ,
ರೂಮಿನ ಆ ಇನ್ನೊಂದು...
ಅಷ್ಟರಲ್ಲಿ ಹೆಗಲಿಗೆ ಭಾರ ಬಂತು.
ಬಾಯಿ ತುಸು ತೆರೆದು, ಕನ್ನಡಕ ಓರೆಯಾಗಿ.

ಚಿಂಚ್‌ಪೋಕ್ಳಿ ಬಂತು. ಇಳಿಯುವವರು ನನ್ನ ಕಾಲು ತುಳಿದು ಇಳಿದರು.
ಕರಿ ರೋಡ್ ಬಂತು.
ಪರೇಲ್.