ನೆಲದಿಂದ ನಾಲ್ಕು ಬೆರಳು

ನನಗೆ ಬೇಕಾದದ್ದು ಇಷ್ಟೇ:
ಹಿಂದಿನ ಚಕ್ರ ನೆಲದಿಂದ ನಾಲ್ಕು ಬೆರಳು ಮೇಲೇಳಬೇಕು,
ನೂರ ತೊಂಬತ್ತು ಕಿಲೋ ನನ್ನ ಮೇಲೆ ಬೀಳಬಾರದು.

ವಿಲ್ಯಾಂದಿ ಊರಿನ ಅಂಚಿಗೆ, ರೈಲು ಹಳಿಯ ಬದಿಗೆ
ಸಾಲಾಗಿ ಇಪ್ಪತ್ತಾರು ಇಟ್ಟಿಗೆಯ ಗ್ಯಾರೇಜು.
ಹನ್ನೊಂದನೆಯದು ನನ್ನದು.
ಕಟ್ಟಿದವರಿಗೆ ಏನು ಆತುರವಿತ್ತೋ,
ನೆಲ ಬಾಗಿಲ ಕಡೆಗೆ ಜಾರುತ್ತದೆ;
ಕೈಜಾರಿದ ನಟ್ಟು ಉರುಳಿ ಉರುಳಿ
ಮಾರ್ಚಿಯ ಕೊಳಕು ಹಿಮದಲ್ಲಿ ಹೋಗಿ ಕೂರುತ್ತದೆ.

ಸೈಡ್ ಸ್ಟ್ಯಾಂಡಿನ ಮೇಲೆ ಬೈಕು ನಿಲ್ಲುವ ಪರಿ ನೋಡಬೇಕು,
ಯಾರದೋ ಮಾತಿಗೆ ಅರ್ಧ ಕಿವಿ ಕೊಟ್ಟವರ ಹಾಗೆ
ಎಡಕ್ಕೆ ವಾಲಿಕೊಂಡು.
ಚೈನು ಒರೆಸಬೇಕೆಂದರೆ
ಒಂದು ಗೇಣು ತಳ್ಳು, ಬಗ್ಗು, ಒರೆಸು, ಏಳು,
ಇನ್ನೊಂದು ಗೇಣು ತಳ್ಳು.
ನೂರ ಹತ್ತು ಕೊಂಡಿ ಮುಗಿಯುವ ಹೊತ್ತಿಗೆ
ಗ್ಯಾರೇಜಿನಾಚೆ, ದೀಪವಿಲ್ಲದ ದಾರಿಯಲ್ಲಿ ನಾನು.

ಅಪ್ಪನ ಕಾಲಕ್ಕೆ ಸ್ಟ್ಯಾಂಡು ಅಂದರೆ
ಬರ್ಚ್ ಮರದ ಒಂದು ಕೊರಡು, ಮೇಲೊಂದು ಹಲಗೆ,
ಪಕ್ಕದಲ್ಲಿ ಉರ್ಮಾಸ್ ಮಾವ, ಬಾಯಲ್ಲಿ ಮೊಳೆ.
ಒಮ್ಮೆ ಕೊರಡು ಉರುಳಿತು.
ಅಪ್ಪನ ಕಿರುಬೆರಳು ಫುಟ್‌ರೆಸ್ಟಿನಡಿ.
ಆಮೇಲೆ ಬದುಕಿಡೀ ಆ ಬೆರಳು
ಅಕಾರ್ಡಿಯನ್ನಿನಲ್ಲಿ ಒಂದು ಸ್ವರ ಬಿಟ್ಟೇ ನುಡಿಸಿತು.
ನಮಗೆ ಆ ಹಾಡುಗಳು ಹಾಗೇ ಗೊತ್ತು,
ಆ ಸ್ವರ ಇಲ್ಲದೆ.

ಶನಿವಾರ ಟೇಪು ಹಿಡಿದು ಅಂಗಡಿಗೆ ಹೋದೆ.
ಹೈಡ್ರಾಲಿಕ್ ಮೇಜು, ಕಾಲಲ್ಲಿ ಒತ್ತಿದರೆ ಬೈಕು ಎದೆಮಟ್ಟ.
ಚೆಂದವೇ. ಆದರೆ ಅದು ಒಳಗೆ ಬಂದರೆ ನಾನು ಹೊರಗೆ.
ಕತ್ತರಿ ಜಾಕು:
ನನ್ನ ಬೈಕಿನ ಹೊಟ್ಟೆಯಡಿ ಹೊಗೆಕೊಳವೆ ಅಡ್ಡ, ಊರಲು ಜಾಗವಿಲ್ಲ.
ಮೂಲೆಯಲ್ಲಿ ಅಗ್ಗದ್ದೊಂದಿತ್ತು, ಬಣ್ಣ ಮಾತ್ರ ಮದುವಣಗಿತ್ತಿ;
ಬೆಸುಗೆಯ ಗೆರೆ, ಮಗು ಹಾಕಿದ ಹೊಲಿಗೆ.
ಕೊನೆಗೆ ಇದು: ಅಗಲ ಕಾಲು, ರಬ್ಬರಿನ ಅಂಗೈ, ಉದ್ದ ಹಿಡಿ.
"ಹಿಡಿ ಉದ್ದವಿದ್ದಷ್ಟೂ ನಿಮ್ಮ ಭುಜ ನಿಮಗೇ ಉಳಿಯುತ್ತೆ,"
ಅಂದ ಅಂಗಡಿಯ ಹುಡುಗ, ತಾನೆಲ್.
ಬ್ರೆಡ್ ಫ್ಯಾಕ್ಟರಿಯಲ್ಲಿ ಹನ್ನೆರಡು ವರ್ಷ
ರೈ ರೊಟ್ಟಿಯ ತಟ್ಟೆ ಎತ್ತಿದವಳು ಅಂತ ಅವನಿಗೆ ಹೇಗೆ ಗೊತ್ತಾಯಿತು?
ಬಲಭುಜವೇ ಚಾಡಿ ಹೇಳಿರಬೇಕು.

ಹುಡುಗ ಹೇಳದೆ ಬಿಟ್ಟದ್ದು ಒಂದೇ:
ಬೈಕನ್ನು ನೆಟ್ಟಗೆ ಹಿಡಿಯಲು ಒಬ್ಬರು ಬೇಕು,
ಹಿಡಿಯನ್ನು ಅದುಮಲು ಇನ್ನೊಬ್ಬರು.
ಇಳಿಜಾರು ನೆಲ ಬೇರೆ.
ನಾನು ಏರಿಗೆಳೆದರೆ ಅದು ನೀರಿಗೆಳೆಯಿತು.
ಮೂರು ಸಲ. ನಾಲ್ಕನೆಯ ಸಲಕ್ಕೆ ಬೈದೆ,
ಗೋಡೆಯಾಚೆ ಕೇಳಿಸುವಷ್ಟು.

ಹನ್ನೆರಡನೆಯ ಗ್ಯಾರೇಜಿನಲ್ಲಿ ಗಾಡಿಯಿಲ್ಲ.
ಲೈದಾ ಅಲ್ಲಿ ಆಲೂಗಡ್ಡೆ ಇಡುತ್ತಾಳೆ,
ಉಪ್ಪುನೀರಲ್ಲಿ ಸೌತೆಕಾಯಿಯ ಭರಣಿಗಳನ್ನು ಇಡುತ್ತಾಳೆ.
ಆರು ವರ್ಷದಲ್ಲಿ ನನಗೆ ಅಂದದ್ದು ಒಂದೇ ಮಾತು:
"ನಿನ್ನ ಬೀಗಕ್ಕೆ ತುಕ್ಕು."
ಈಗ ಸಬ್ಬಸಿಗೆ ವಾಸನೆಯ ಕೈ ಒರೆಸಿಕೊಳ್ಳುತ್ತ ಬಂದು
ಕೇಳದೆ ಕರೆಯದೆ ಹ್ಯಾಂಡಲ್ ಹಿಡಿದಳು,
ಮುಂದಿನ ಬ್ರೇಕು ಅದುಮಿದಳು.
ಯಾರು ಕಲಿಸಿದ್ದೋ. ನಾನು ಕೇಳಲಿಲ್ಲ.

ಮೊಣಕಾಲೂರಿ, ಉಸಿರು ಕಟ್ಟಿ, ಹಿಡಿ ಒತ್ತಿದೆ.
ಟಕ್.
ಅಷ್ಟು ಭಾರ ಅಷ್ಟು ಸುಲಭಕ್ಕೆ ಎದ್ದದ್ದಕ್ಕೆ
ನನಗೆ ಸ್ವಲ್ಪ ನಾಚಿಕೆಯೂ ಆಯಿತು.
ಲೈದಾ ಟೈರಿನಡಿ ಬೆರಳು ತೂರಿಸಿ ನೋಡಿದಳು: ನಾಲ್ಕು.
ಆಮೇಲೆ ಚಕ್ರಕ್ಕೆ ಅಂಗೈ ಕೊಟ್ಟು ಒಂದು ತಿರುವು.
ಸರ್ರನೆ ತಿರುಗಿತು, ಎಲ್ಲಿಗೂ ಹೋಗದೆ,
ಕಡ್ಡಿಗಳ ನಡುವೆ ಬಾಗಿಲ ಬೆಳಕು ಕಲಸಿಹೋಯಿತು.

"ಎಲ್ಲಿಗೆ ಬಂತು?" ಅಂದಳು, ಬಸ್ಸಲ್ಲಿ ನಿದ್ದೆಯಿಂದ ಎದ್ದವಳ ಹಾಗೆ.
"ತಾರ್ತು ದಾಟಿತು," ಅಂದೆ.
ಅವಳು ನಗಲಿಲ್ಲ. ತಲೆ ವಾಲಿಸಿ ಕೇಳಿಸಿಕೊಳ್ಳುತ್ತಿದ್ದಳು.

"ಎರಡು ಸುತ್ತಿಗೊಮ್ಮೆ ತಡವರಿಸುತ್ತಿದೆ, ಕೇಳಿಸಲಿಲ್ಲವಾ?
ಒಂದು ಕೊಂಡಿ ಬಿಗಿದಿದೆ.
ಎಣ್ಣೆ ತಾ."