ಎರಡು ಗೆಣ್ಣು ಆಳ

ಹನ್ನೊಂದನೇ ಎಲಿ ಇವತ್ತು ಉದುರಿತು,
ಜಮಖಂಡಿಯ ನಮ್ಮ ಎಕ್ಸ್-ರೇ ಖೋಲಿ ಹೊರಗ
ಬಾಕಿನ ಮಗ್ಗಲದ ರಬ್ಬರ್ ಗಿಡದ್ದು.
ಹಳದಿ. ಒಣಗಿದ್ದಲ್ಲ; ಮುಟ್ಟಿದರ ಮೆತ್ತಗ.

"ನೀರು ಸಾಲವಲ್ದು," ಅಂದಳು ಕಸ ಬಳಿಯೋ ತಂಗೆವ್ವ.
"ಬಿಸಲಿಲ್ಲ," ಅಂದರು ಡಾಕ್ಟರು, ಫೋನಿನಿಂದ ತಲಿ ಎತ್ತದ.
ನಾನು ತೋರಬೆರಳು ಎರಡು ಗೆಣ್ಣು ಇಳಿಸಿದೆ:
ತಣ್ಣಗ, ಜಿಬಿಜಿಬಿ, ಹಳಸಿದ ಅಂಬಲಿ ನಾತ.

ಆರು ದಿನಕ್ಕೊಮ್ಮೆ ನಳ ಬರೋ ಊರಾಗ
ನೀರು ಹೆಚ್ಚಾಗಿ ಸಾಯತೈತಿ ಅಂದರ
ಯಾರು ನಂಬತಾರ?

ಯಾರು ಹಾಕತಾರ, ಬಾಗಿಲ ಸಂದಿಯಿಂದ ನೋಡಿದೆ.
ಒಳಗ ಮಗನ ಎದಿ ಫೋಟೋಕ್ಕ ನಿಂತಿತ್ತು.
ಹೊರಗ ತಾಯಿ ಬಾಟಲಿ ಮುಚ್ಚಳ
ತಗದಳು, ಹಾಕಿದಳು, ಮತ್ತ ತಗದಳು;
ಒಂದು ಗುಟುಕೂ ಇಳೀಲಿಲ್ಲ.
ಕಡೀಕ ಬಗ್ಗಿ, ಅಷ್ಟೂ ಕುಂಡಕ್ಕ ಸುರುವಿದಳು,
ನೀನರ ಕುಡಿ ಅಂದಂಗ.
ದಿನಕ್ಕ ನಲವತ್ತು ಮಂದಿ ಕುಂಡ್ರತಾರ ಆ ಬಾಕಿನ ಮ್ಯಾಲ.

ಗಿಡ ಕಿತ್ತೆ. ಕರಗಿದ ಬೇರು ಕತ್ತರಿಸಿದೆ.
ತಳದ ತೂತಿಗೆ ಮೆತ್ತಿದ್ದ ಸಿಮೆಂಟ್ ಮೊಳಿಲೆ ಬಿಡಿಸಿ
ಉಸುಕು ಕಲಸಿ ನೆಟ್ಟೆ.
'ನೀರು ಹಾಕಬ್ಯಾಡ್ರಿ' ಅಂತ ಬರದ ರಟ್ಟು
ಇನ್ನೂ ಕಿಸೆದಾಗ ಐತಿ.

ಕುಂಡದ ಕೆಳಗ ಒಂದು ತಾಟು ಇಟ್ಟೀನಿ.
ಸಂಜಿಕ ತುಂಬಿರತೈತಿ.
ನಾನೇ ಚೆಲ್ಲತೀನಿ.