ಸೊನ್ನೆ, ದೊಣೆ

ಇಲಾಖೆಯವರು ಕೊಟ್ಟ ಹಾಳೆಯಲ್ಲಿ
ಬೆಟ್ಟದ ವಯಸ್ಸು ಅಂಕಿಯಲ್ಲೇ ಬರೆಯಬೇಕೆಂದಿತ್ತು:
ಮೂರು, ಅದರ ಮುಂದೆ ಒಂಬತ್ತು ಸೊನ್ನೆ.
ತಗಡು ನಾಲ್ಕಡಿ. ನನ್ನ ಅಕ್ಷರ ದಪ್ಪ.
ಪಾಂಡವಪುರದ ಅರ್ಧ ಬೋರ್ಡುಗಳು ನನ್ನವೇ,
ಗೊಬ್ಬರದಂಗಡಿ, ಬೆಲ್ಲದ ಮಂಡಿ, ಹಲ್ಲಿನ ಡಾಕ್ಟರು;
ಇಷ್ಟು ಸೊನ್ನೆ ಯಾರೂ ಕೇಳಿದ್ದಿಲ್ಲ,
ಚೀಟಿ ನಡೆಸುವ ಜವರಪ್ಪ ಕೂಡ.

ತಗಡು ತಲೆಯ ಮೇಲೆ ಹೊತ್ತು
ಗವಿಬೋರನ ಗುಡ್ಡ ಹತ್ತಿದೆ.
ಏಳೂವರೆಗೇ ಹಾಸುಬಂಡೆ
ರೊಟ್ಟಿ ಹೆಂಚಿನ ಬಿಸಿಗೆ ಬರುತ್ತಿತ್ತು.
ಈರುಳ್ಳಿಯ ಹಾಗೆ ಪದರು ಬಿಟ್ಟ ಬಂಡೆ,
ಕಾಲಿಟ್ಟರೆ ಒಳಗೆ ಟೊಳ್ಳು ಸದ್ದು,
ಮಲಗಿದವರ ಬೆನ್ನು ತಟ್ಟಿದಂತೆ.
ಅದರ ಮೈಮೇಲೆ ಅಡ್ಡಕ್ಕೆ ಕರಿಕಲ್ಲಿನ ಪಟ್ಟೆ:
ಭೂಮಿಯಡಿಯಿಂದ ಕುದಿದು ಬಂದು
ಬಿರುಕಿನಲ್ಲಿ ತಣ್ಣಗಾದದ್ದಂತೆ,
ಹಾಳೆಯಲ್ಲಿ ಹಾಗಿದೆ.
ನನ್ನ ಕಣ್ಣಿಗೆ ಅದು
ಕೈ ನಡುಗದವನೊಬ್ಬ
ಒಂದೇ ಉಸಿರಿಗೆ ಎಳೆದ ಅಂಚು.
ಕಾಲ್ದಾರಿಯ ಮಣ್ಣಲ್ಲಿ ಕಾಗೆಬಂಗಾರ.
ಒಂದು ಚೂರು ಜೇಬಿಗೆ ಹಾಕಿಕೊಂಡೆ,
ಯಾಕೆಂದು ಗೊತ್ತಿಲ್ಲ.

ನೆತ್ತಿಗಿಂತ ಕೆಳಗೆ, ಮಳೆನೀರು ಓಡುವ ದಾರಿಯಲ್ಲಿ
ಎರಡು ದೊಣೆ.
ದೊಡ್ಡದರಲ್ಲಿ ನೀರು, ಹಸಿರುಗಪ್ಪು,
ಗೋಡೆಗೆ ವರ್ಷವರ್ಷದ ಬಿಳಿ ಬಳೆ.
ಚಿಕ್ಕದು ಒಣಗಿತ್ತು:
ತಳದಲ್ಲಿ ಒಂದು ಹಿಡಿ ಮರಳು,
ಮೂರು ಉರುಟು ಕಲ್ಲು.

"ಆ ಕಲ್ಲ ಎತ್ಕೋಬ್ಯಾಡ" ಅಂದಳು
ಮೇಕೆಗಳ ಹಿಂದೆ ಬಂದ ನಿಂಗಾಜಮ್ಮ.
"ಅವೇ ಇದ್ನ ಕೊರೀತಿರೋದು.
ಮಳೆ ಉಯ್ದಾಗ ಒಳಗೇ ತಿರುಗ್ತವೆ, ರಾಗಿಕಲ್ಲಂಗೆ.
ನಮ್ಮತ್ತೆ ಕಾಲ್ದಲ್ಲಿ ನಾಕಿದ್ವು.
ಒಂದು ಸವ್ದೋಯ್ತು."

ಹಾಳೆಯಲ್ಲಿ ಇದು ಇರಲಿಲ್ಲ.
'ಆಳ: ... ಅಡಿ. ಸ್ಥಳದಲ್ಲಿ ಅಳೆದು ತುಂಬುವುದು' ಎಂದಷ್ಟೇ ಇತ್ತು.
ಕೇಳಿದೆ.
"ಬಾವಿ ಹಗ್ಗ ಮೂರು ಗಂಟಾಕಿ ಬಿಟ್ರೂ
ಚೊಂಬು ತಳ ಮುಟ್ನಿಲ್ವಂತೆ.
ನಾನ್ ನೋಡಿಲ್ಲ.
ನೀರಿಲ್ದಿದ್ದ ವರ್ಸ ನಾನೇ ಇಳ್ದಿದ್ದೆ, ಎದೆ ಮಟ್ಟ.
ಎರಡೂ ಬರ್ಕೊ."

ಗೊಬ್ಬಳಿ ಮರದ ನೆರಳಲ್ಲಿ ತಗಡು ಒರಗಿಸಿದೆ.
ಬಿಳಿ ಎನಾಮಲ್, ಎರಡಿಂಚಿನ ಬ್ರಶ್ಶು.
ಸೊನ್ನೆ ಬರೆಯುವುದು ಕಷ್ಟ.
ಎಲ್ಲಿ ಶುರುವಾಯಿತೋ ಅಲ್ಲಿಗೇ ಬಂದು
ಶುರುವಾದದ್ದು ಕಾಣದ ಹಾಗೆ ಮುಚ್ಚಬೇಕು.
ಏಳನೆಯದಕ್ಕೆ ತಗಡು ಮುಗಿಯಿತು.
ಬ್ರಶ್ಶು ತೊಳೆಯಲು ದೊಣೆಗೆ ಬಾಗಿದೆ.
ಮೇಕೆಗಳು ಆಚೆ ಅಂಚಲ್ಲಿ ಕುಡಿಯುತ್ತಿದ್ದವು.
ಅವಳು ಏನೂ ಅನ್ನಲಿಲ್ಲ, ನೋಡಿದಳು.
ಲುಂಗಿಗೆ ಒರೆಸಿಕೊಂಡೆ.

ಕೆಳಗೆ ನಾಲೆ, ಕಬ್ಬು,
ಕಾರ್ಖಾನೆ ಚಿಮಣಿಯ ಮಂಕು ಹೊಗೆ.
ಹನ್ನೆರಡಕ್ಕೆ ಎದುರುಗುಡ್ಡದ ಕ್ವಾರಿಯಲ್ಲಿ ಸಿಡಿಸಿದರು.
ಸದ್ದು ಬರುವ ಮೊದಲೇ ಅಂಗಾಲಿಗೆ ತಿಳಿಯಿತು.
ದೊಣೆಯ ನೀರು ನಡುಗಿ
ಸೊನ್ನೆಯೊಳಗೆ ಸೊನ್ನೆ, ಅದರೊಳಗೆ ಇನ್ನೊಂದು;
ಎಣಿಸಿದೆ, ಒಂಬತ್ತಕ್ಕೆ ನಿಲ್ಲಲಿಲ್ಲ.
ಮೇಕೆಗಳು ತಲೆಯೆತ್ತಿ, ಮತ್ತೆ ಕುಡಿದವು.
"ದಿನಾ ಇದೇ" ಅಂದಳು.

ಬೋರ್ಡು ಅಲ್ಲೇ ನಿಂತಿದೆ.
ಬಂದವರು ಓದುತ್ತಾರೆ: ಬೆಟ್ಟಕ್ಕೆ ಮೂರು ಕೋಟಿ ವರ್ಷ.
ಆಳ: ಎದೆ ಮಟ್ಟ.
ಇನ್ನೂರ ತೊಂಬತ್ತೇಳು ಕೋಟಿ ವರ್ಷ
ನನ್ನ ತಗಡಿಗೆ ಹಿಡಿಸಲಿಲ್ಲ.
ಸಾಹೇಬರು ಬಿಲ್ಲಲ್ಲಿ ಮುನ್ನೂರು ಹಿಡಿದುಕೊಂಡರು.
ನಾನು ಜಗಳವಾಡಲಿಲ್ಲ.

ಉಳಿದೆರಡು ಸೊನ್ನೆ
ಬೋರ್ಡಿನ ಎದುರಿಗೇ ಇವೆ.
ಒಂದರಲ್ಲಿ ನೀರು.
ಒಂದರಲ್ಲಿ ಮಳೆಗೆ ಕಾದು ಕೂತ
ಮೂರು ಕಲ್ಲು.